ಹನ್ನೊಂದು ತಿಂಗಳ ತೋಟ

ಬೆಂಗಳೂರಿನ ಬಾಡಿಗೆ ಮನೆಗಳಲ್ಲಿರುವ ಎಲ್ಲರಿಗೂ,



ಯುಗಾದಿಗೆ ಇನ್ನು ಹತ್ತೇ ದಿನ. ನಮ್ಮ ಬೀದಿಯ ಹೊಂಗೆ ಮರಗಳು ಹಳೆಯ ಎಲೆಯನ್ನೆಲ್ಲ ಉದುರಿಸಿ, ಸರಿಯಾಗಿ ಬೋಳಾಗುವಷ್ಟೂ ಪುರುಸೊತ್ತಿಲ್ಲದೆ ಚಿಗುರಿಬಿಟ್ಟಿವೆ. ಎಣ್ಣೆ ಸವರಿದ ಹಾಗೆ ಹೊಳೆಯುವ ಆ ಎಳೆ ಹಸಿರನ್ನು ನೀವೂ ಬಸ್ಸಿನ ಕಿಟಕಿಯಿಂದಲೋ ಸ್ಕೂಟರಿನ ಮೇಲಿಂದಲೋ ನೋಡಿರುತ್ತೀರಿ. ನೋಡಿ, ‘ನಮಗೂ ಒಂದಿಷ್ಟು ಅಂಗಳ ಇದ್ದಿದ್ದರೆ’ ಅಂದುಕೊಂಡಿರುತ್ತೀರಿ. ಹಾಗೆ ಅಂದುಕೊಂಡವರಿಗಾಗಿಯೇ ಈ ಪತ್ರ.

ನಾನೂ ನಿಮ್ಮ ಹಾಗೆಯೇ. ಈ ಊರಿಗೆ ಬಂದು 22 ವರ್ಷವಾಯಿತು. ಈಗ ಇರುವುದು ಐದನೆಯ ಬಾಡಿಗೆ ಮನೆ. ಮೊದಲ ಎರಡು ಮನೆಗಳಲ್ಲಿ ಒಂದು ತುಳಸಿ ಕುಂಡ ಬಿಟ್ಟರೆ ಮತ್ತೊಂದು ಹಸಿರು ಕಡ್ಡಿ ಇರಲಿಲ್ಲ. ಯಾರಾದರೂ ಕೇಳಿದರೆ, ‘ಸ್ವಂತ ಮನೆ ಆಗಲಿ, ಆಮೇಲೆ ಗಿಡ ಹಾಕೋಣ’ ಅನ್ನುತ್ತಿದ್ದೆ. ಒಂಬತ್ತು ವರ್ಷ ಅದೇ ಮಾತು ಹೇಳಿದೆ. ಅಷ್ಟೂ ಸಲ ಹೊಂಗೆ ಚಿಗುರಿತು, ಮಾವು ಹೂ ಬಿಟ್ಟಿತು, ನಾನು ಗಾಡಿಯವರ ಹತ್ತಿರ ಬಾಡಿದ ಸೊಪ್ಪಿನ ಕಟ್ಟು ಕೊಂಡು ತಂದೆ. ಸ್ವಂತ ಮನೆ ಇವತ್ತಿಗೂ ಆಗಿಲ್ಲ. ಕೈತೋಟ ಮಾತ್ರ ಆಗಿದೆ, ಆಗಿ ಹದಿಮೂರು ವರ್ಷವಾಗಿದೆ. ಒಂದು ಆಗದೆ ಇನ್ನೊಂದು ಆಗುವುದಿಲ್ಲ ಎಂದುಕೊಂಡು ಒಂಬತ್ತು ವಸಂತಗಳನ್ನು ಕೈಬಿಟ್ಟದ್ದು ನನ್ನ ತಪ್ಪು. ನೀವು ಇನ್ನೊಂದು ವಸಂತವನ್ನೂ ಕೈಬಿಡಬೇಡಿ ಎಂದು ಕೇಳಿಕೊಳ್ಳಲು ಬರೆಯುತ್ತಿದ್ದೇನೆ.

ನನ್ನ ಕೈತೋಟ ಶುರುವಾದದ್ದು ಮೂರನೆಯ ಮನೆಯಲ್ಲಿ. ಅವ್ವ ನಾಗಮಂಗಲದ ಕಡೆಯ ನಮ್ಮ ಹಳ್ಳಿಯಿಂದ ಹಬ್ಬಕ್ಕೆಂದು ಬಂದಿದ್ದಳು. ಊರ ಮನೆಗೆ ಹಿತ್ತಲಿತ್ತು. ಬಚ್ಚಲ ನೀರು ಹರಿಯುವಲ್ಲಿ ಬಾಳೆ, ಕೆಸ, ಪಕ್ಕದಲ್ಲಿ ಕರಿಬೇವು, ಬೇಲಿಯುದ್ದಕ್ಕೂ ಚಪ್ಪರದವರೆ. ಬೆಳಿಗ್ಗೆ ಎದ್ದು ಹಿತ್ತಲಿಗೆ ಒಂದು ಸುತ್ತು ಹಾಕಿ ಬಾರದೆ ಅವಳಿಗೆ ದಿನ ಶುರುವಾಗುತ್ತಿರಲಿಲ್ಲ. ನಮ್ಮ ಎರಡನೇ ಮಹಡಿಯ ಮನೆಯಲ್ಲಿ ಮೂರು ದಿನ ಕಿಟಕಿಗೂ ಬಾಲ್ಕನಿಗೂ ಓಡಾಡಿದಳು. ಯುಗಾದಿಯ ಬೆಳಿಗ್ಗೆ ಎಣ್ಣೆನೀರು ಹಾಕಿಕೊಂಡು, ಬೇವುಬೆಲ್ಲ ಬಾಯಿಗಿಟ್ಟು, ‘ಊರಲ್ಲಿ ಈಗ ಹೊನ್ನಾರು ಕಟ್ತಿರ್ತಾರೆ’ ಅಂದಳು. ನಮ್ಮ ಕಡೆ ಆ ದಿನ ಎತ್ತುಗಳ ಮೈ ತೊಳೆದು, ನೇಗಿಲಿಗೆ ಪೂಜೆ ಮಾಡಿ, ವರ್ಷದ ಮೊದಲ ಸಾಲು ಉಳುತ್ತಾರೆ. ಅದೇ ಹೊನ್ನಾರು.

‘ಇಲ್ಲಿ ಎತ್ತು ಎಲ್ಲಿಂದ ತರಾದವ್ವ’ ಅಂದೆ.

‘ಎತ್ತೇ ಬೇಕಾ? ನಿಂಗೆ ಕೈಯಿಲ್ವಾ?’ ಅಂದಳು.

ಪೇಂಟ್ ಹೊಡೆದವರು ಬಿಟ್ಟುಹೋದ ಪ್ಲಾಸ್ಟಿಕ್ ಬಕೆಟ್ಟೊಂದು ಬಾತ್‌ರೂಮಿನ ಮೂಲೆಯಲ್ಲಿ ಬಿದ್ದಿತ್ತು. ದಬ್ಬಳ ಕಾಯಿಸಿ ಅದರ ತಳಕ್ಕೆ ಎಂಟು ತೂತು ಮಾಡಿದಳು. ಏಳು ವರ್ಷದ ನನ್ನ ಮಗನ ಕೈಲಿ ಪಕ್ಕದ ಖಾಲಿ ಸೈಟಿನಿಂದ ಮಣ್ಣು ತರಿಸಿ, ಹೆಂಟೆ ಒಡೆದು, ಕಲ್ಲು ಆರಿಸಿ ತುಂಬಿದಳು. ಬೆರಳಿನಿಂದ ಆ ಮಣ್ಣಿನಲ್ಲಿ ಮೂರು ಗೀರು ಎಳೆದಳು. ಅಡುಗೆಮನೆಯ ಡಬ್ಬಿಯಿಂದ ಒಂದು ಹಿಡಿ ಮೆಂತ್ಯ ತಂದು ಗೀರಿನುದ್ದಕ್ಕೂ ಉದುರಿಸಿ, ಮಣ್ಣೆಳೆದು, ಅಂಗೈಯಿಂದ ನೀರು ಚಿಮುಕಿಸಿದಳು. ಆ ವರ್ಷದ ನಮ್ಮ ಹೊನ್ನಾರು ಅದು.

ಮೂರನೆಯ ದಿನ ಬೆಳಿಗ್ಗೆ ಮಗ ಕೂಗಿಕೊಂಡ. ಬಕೆಟ್ಟಿನ ಮಣ್ಣು ಮೂರು ಸಾಲಾಗಿ ಬಿರಿದಿತ್ತು. ಬಿರುಕಿನೊಳಗೆ ಕತ್ತು ಬಗ್ಗಿಸಿಕೊಂಡ ಬಿಳಿಯ ದಂಟುಗಳು, ಕೆಲವದರ ತಲೆಯ ಮೇಲೆ ಬೀಜದ ಸಿಪ್ಪೆ ಇನ್ನೂ ಟೋಪಿಯ ಹಾಗೆ. ಸಂಜೆ ಕೆಲಸದಿಂದ ಬರುವಷ್ಟರಲ್ಲಿ ಅಷ್ಟೂ ನೆಟ್ಟಗೆ ನಿಂತು ಎರಡೆರಡು ಎಲೆ ಬಿಚ್ಚಿದ್ದವು. ಒಗ್ಗರಣೆಗೆ ಹಾಕಿ ಹಾಕಿ ಬೇಸತ್ತಿದ್ದ ಆ ಕಹಿ ಕಾಳಿನೊಳಗೆ ಅಷ್ಟು ಜೀವವಿತ್ತು ಎಂಬುದು ನನಗೆ ಮೂವತ್ತು ದಾಟಿದ ಮೇಲೆ, ಬಾಡಿಗೆ ಮನೆಯ ಬಾಲ್ಕನಿಯಲ್ಲಿ ಗೊತ್ತಾಯಿತು. ಇಪ್ಪತ್ತೆರಡನೆಯ ದಿನ ಅದನ್ನು ಕತ್ತರಿಸಿ ಮೆಂತ್ಯದ ಚಪಾತಿ ಮಾಡಿದೆ. ಸೊಪ್ಪೆಂದರೆ ಮುಖ ತಿರುಗಿಸುತ್ತಿದ್ದ ಮಗ ಮೂರು ತಿಂದ. ತಾನು ಮಣ್ಣು ಹೊತ್ತಿದ್ದನಲ್ಲ.

ಅಷ್ಟೇ ನಡೆದದ್ದು. ನಿಮಗೂ ಈ ಹತ್ತು ದಿನದಲ್ಲಿ ಬೇಕಾದದ್ದು ಅಷ್ಟೇ.

ಆದರೆ ನಿಮ್ಮ ಮನಸ್ಸಿನಲ್ಲಿರುವ ಮಾತು ನನಗೆ ಗೊತ್ತು. ‘ಅಗ್ರಿಮೆಂಟ್ ಇರೋದೇ 11 ತಿಂಗಳು. ಬೆಳೆಸಿ ಬಿಟ್ಟುಹೋಗೋಕೆ ಯಾಕೆ ಬೆಳೆಸಬೇಕು?’ ಹಾಗಾದರೆ ಆ 11 ತಿಂಗಳನ್ನು ಗಿಡಗಳ ಲೆಕ್ಕದಲ್ಲಿ ಒಮ್ಮೆ ಎಣಿಸಿ. ಮೆಂತ್ಯ 25 ದಿನದ ಬೆಳೆ. ಹರಿವೆ 30 ದಿನಕ್ಕೆ ಕೊಯ್ಲಿಗೆ ಬರುತ್ತದೆ. ಮೂಲಂಗಿಗೆ ಒಂದೂವರೆ ತಿಂಗಳು. ಬೆಂಡೆ ಆರೇಳು ವಾರಕ್ಕೆ ಹೂ ಬಿಟ್ಟು, ಆಮೇಲೆ ಸುಮಾರು ಎರಡು ತಿಂಗಳು ಕಾಯಿ ಕೊಡುತ್ತದೆ. ಮೂರು ಸಲ ಬೆಳೆದರೂ ನಿಮ್ಮ ಕರಾರಿನಲ್ಲಿ ಇನ್ನೂ ದಿನ ಉಳಿಯುತ್ತವೆ. ಮೆಣಸಿನಕಾಯಿ, ಬದನೆ ಗಿಡಗಳು ಸಸಿಯಾಗಿ ಬಂದು, ಕಾಯಿಬಿಟ್ಟು, ಸೋತು ಮಲಗುವ ಹೊತ್ತಿಗೆ ನಿಮ್ಮ ಕರಾರು ನವೀಕರಣಕ್ಕೆ ಬಂದಿರುತ್ತದೆ. ಹೆಚ್ಚಿನ ತರಕಾರಿ ಗಿಡಗಳಿಗೆ ಅದಕ್ಕಿಂತ ದೊಡ್ಡ ಆಯುಸ್ಸಿಲ್ಲ. ಬಾಡಿಗೆ ಮನೆಯವರಿಗೆಂದೇ ಅಳತೆ ಮಾಡಿ ಮಾಡಿದ ಹಾಗಿವೆ ಅವು.

ಹೆಚ್ಚು ವರ್ಷ ಬೇಕಾಗುವುದು ಕರಿಬೇವು, ಮಲ್ಲಿಗೆ, ನಿಂಬೆಯಂಥವಕ್ಕೆ. ಅವನ್ನು ದೊಡ್ಡ ಕುಂಡದಲ್ಲೇ ಬೆಳೆಸಿ, ನಿಮ್ಮ ಜೊತೆ ಬರುತ್ತವೆ. ನನ್ನ ಕರಿಬೇವು ಮೂರು ಮನೆ ನೋಡಿದೆ. ಹಿತ್ತಲಿನ ತಾಯಿಗಿಡದ ಬೇರಿನಿಂದ ಎದ್ದ ಒಂದು ಮರಿಯನ್ನು ಅವ್ವ ಮುಂದಿನ ಸಲ ಒದ್ದೆ ಗೋಣಿಯಲ್ಲಿ ಸುತ್ತಿ ಬಸ್ಸಿನಲ್ಲಿ ತಂದಿದ್ದಳು. ಅವ್ವ ಈಗಿಲ್ಲ. ಊರಿನ ಹಿತ್ತಲೂ ಈಗಿಲ್ಲ, ಅಲ್ಲಿ ತಮ್ಮನ ಹೊಸ ಮನೆಯ ಪಾಯ ಬಂದಿದೆ. ಆ ಹಿತ್ತಲಿನದೆಂದು ಉಳಿದಿರುವುದೆಲ್ಲ ನನ್ನ ಬಾಲ್ಕನಿಯ ಈ ಒಂದು ಕುಂಡದಲ್ಲಿದೆ. ಪ್ರತಿ ಸಲ ಎಲೆ ಕಿತ್ತಾಗ ಬೆರಳಿಗೆ ಹತ್ತುವ ವಾಸನೆ ನನ್ನನ್ನು ಎಲ್ಲಿಗೆ ಕರೆದೊಯ್ಯುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಇನ್ನು ಬಿಸಿಲಿನ ಮಾತು. ‘ನಮ್ಮ ಮನೆಗೆ ಬಿಸಿಲೇ ಬರಲ್ಲ’ ಎನ್ನುವವರು ಮೊದಲು ಈ ತಿಂಗಳು ಮನೆಯನ್ನು ಸರಿಯಾಗಿ ನೋಡಿ. ಇದು ಸಂಡಿಗೆ, ಹಪ್ಪಳದ ಕಾಲ. ಹಾಕಿದ ಸಂಡಿಗೆ ಎರಡು ದಿನದಲ್ಲಿ ಗಲಗಲ ಅನ್ನುವಷ್ಟು ಒಣಗುವ ಜಾಗ ಎಲ್ಲಿದೆಯೋ ಅಲ್ಲಿ ಬೆಂಡೆ, ಬದನೆ, ಮೆಣಸಿನಕಾಯಿ ಬರುತ್ತವೆ. ಒಗೆದ ಬಟ್ಟೆ ಸಂಜೆಯೊಳಗೆ ಒಣಗುವ ಕಡೆ ಸೊಪ್ಪು ಬರುತ್ತದೆ. ಮರುದಿನಕ್ಕೂ ಬಟ್ಟೆ ತೇವವಾಗಿಯೇ ಇರುವ ಮೂಲೆಗೆ ಪುದೀನ, ದೊಡ್ಡಪತ್ರೆ, ಒಂದೆಲಗ ಸಾಕು. ಉತ್ತರಕ್ಕೆ ಬಾಲ್ಕನಿ ಇರುವವರು ಬಹಳ ಬೇಗ ಆಸೆ ಬಿಡುತ್ತಾರೆ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಆಸುಪಾಸಿನಲ್ಲಿ ನಡುಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಗೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ಆ ಗಳಿಗೆ ನೆರಳೇ ಇರುವುದಿಲ್ಲ. ಅಲ್ಲಿಂದ ಆಗಸ್ಟ್ 18ರ ಆಸುಪಾಸಿನವರೆಗೆ ಅವನು ನಮಗೆ ಉತ್ತರದಲ್ಲೇ ಇರುತ್ತಾನೆ. ಚಳಿಗಾಲದಲ್ಲಿ ಒಂದು ಕಿರಣವೂ ಬಾರದ ಉತ್ತರದ ಬಾಲ್ಕನಿಗೆ ಆ ನಾಲ್ಕು ತಿಂಗಳು ಬೆಳಗಿನ, ಸಂಜೆಯ ಓರೆ ಬಿಸಿಲು ಬೀಳುತ್ತದೆ. ಈಗ ನಾನಿರುವ ಮನೆಯ ಬಾಲ್ಕನಿಯೂ ಉತ್ತರಕ್ಕೇ ಇದೆ. ಮನೆ ನೋಡಲು ಬಂದಾಗ ಡಿಸೆಂಬರ್. ಗಿಡಗಳ ಆಸೆಯನ್ನು ಅರ್ಧ ಬಿಟ್ಟೇ ಅಡ್ವಾನ್ಸ್ ಕೊಟ್ಟಿದ್ದೆ. ಮೇ ತಿಂಗಳ ಒಂದು ಬೆಳಿಗ್ಗೆ ಏಳು ಗಂಟೆಗೆ ಬಿಸಿಲು ಗ್ರಿಲ್ಲಿನ ನೆರಳನ್ನು ನನ್ನ ಅಡುಗೆಮನೆಯ ಗೋಡೆಯ ಮೇಲೆ ಹಾಸಿತು. ಕೈಯಲ್ಲಿದ್ದ ಕಾಫಿ ಲೋಟ ಇಟ್ಟು, ಕುಂಡಗಳನ್ನೆಲ್ಲ ಎಳೆದು ತಂದೆ.

ಮಾಲೀಕರು ಒಪ್ಪುವುದಿಲ್ಲ ಎಂಬುದು ಇನ್ನೊಂದು ಮಾತು. ಅವರ ಭಯ ಸುಳ್ಳಲ್ಲ. ಸದಾ ಒದ್ದೆಯಾಗಿರುವ ತಾರಸಿ ನಿಧಾನವಾಗಿ ಕೆಳಗಿನ ಮನೆಗೆ ಸೋರುತ್ತದೆ, ಭಾರ ಹೆಚ್ಚಾದರೆ ಅದೂ ತೊಂದರೆಯೇ. 12 ಅಂಗುಲ ಅಗಲ, 12 ಅಂಗುಲ ಎತ್ತರದ ಒಂದು ಗ್ರೋ ಬ್ಯಾಗಿನಲ್ಲಿ ಸುಮಾರು 22 ಲೀಟರಿನಷ್ಟು ಜಾಗವಿರುತ್ತದೆ. ಬರೀ ಕೆಮ್ಮಣ್ಣು ತುಂಬಿ ನೀರು ಹಾಕಿದರೆ ಅದು 30 ಕೆ.ಜಿ. ದಾಟುತ್ತದೆ. ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ನೆನೆಸಿದ ಕೋಕೋಪೀಟ್, ಒಂದು ಪಾಲು ಎರೆಗೊಬ್ಬರ ಅಥವಾ ಕಳಿತ ಕೊಟ್ಟಿಗೆ ಗೊಬ್ಬರ ಹಾಕಿದರೆ ತೂಕ ಮೂರರಲ್ಲಿ ಒಂದು ಪಾಲು ಇಳಿಯುತ್ತದೆ, ಬೇರಿಗೂ ಉಸಿರಾಡಲು ಜಾಗ ಸಿಗುತ್ತದೆ. ಬ್ಯಾಗುಗಳನ್ನು ನೆಲಕ್ಕೆ ತಾಗಿಸದೆ ಇಟ್ಟಿಗೆಯ ಮೇಲೋ ಕಬ್ಬಿಣದ ಸ್ಟ್ಯಾಂಡಿನ ಮೇಲೋ ಇಡಿ, ಕೆಳಗೆ ಕಸಬರಿಕೆ ಆಡುವಷ್ಟು ಎತ್ತರವಿರಲಿ. ತಾರಸಿಯ ನಡುಮಧ್ಯೆ ಗುಂಪು ಹಾಕದೆ ಗೋಡೆಯ ಅಂಚಿಗೆ ಸಾಲಾಗಿಡಿ. ಇಷ್ಟು ಮಾಡಿ, ಮಾಲೀಕರನ್ನು ನೀವೇ ಮೇಲೆ ಕರೆದು ಒಣಗಿದ ನೆಲ ತೋರಿಸಿ. ನನ್ನ ಈಗಿನ ಮನೆಯ ಯಜಮಾನಿ ಮೊದಲ ತಿಂಗಳು ದಿನಾ ಬಂದು ನೆಲ ನೋಡುತ್ತಿದ್ದರು. ಆಮೇಲೂ ದಿನಾ ಬರುತ್ತಿದ್ದಾರೆ, ಬದನೆಕಾಯಿ ಎಷ್ಟಾಯಿತು ಎಂದು ನೋಡಲು.

ನೀರಿನ ವಿಷಯಕ್ಕೆ ಬರುತ್ತೇನೆ. ಇದನ್ನು ಹಗುರವಾಗಿ ಹೇಳಿ ದಾಟಲಾರೆ. ನಮ್ಮ ನಲ್ಲಿಗೆ ಬರುವ ಕಾವೇರಿ ಸುಮಾರು 100 ಕಿಲೋಮೀಟರ್ ದೂರದಿಂದ, 500 ಮೀಟರಿನಷ್ಟು ಎತ್ತರಕ್ಕೆ ಪಂಪುಗಳ ಮೇಲೆ ಪಂಪು ಹತ್ತಿ ಬರುತ್ತದೆ. 2024ರ ಮಾರ್ಚಿನಲ್ಲಿ ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರಿಗಾಗಿ ಜನ ಕಾದು ನಿಂತಾಗ, ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಬಾರದೆಂದು ಆದೇಶಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ಇಟ್ಟಿತು. ಆ ಆದೇಶ ಸರಿಯಾಗಿತ್ತು ಎಂದೇ ನನ್ನ ಅಭಿಪ್ರಾಯ. ಗಿಡಕ್ಕೆ ನಲ್ಲಿಯ ಪೈಪು ಹಿಡಿಯಬೇಕಾಗಿಯೇ ಇಲ್ಲ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಸಿಂಕಿಗೆ ಚೆಲ್ಲದೆ ಒಂದು ಬಕೆಟ್ಟಿಗೆ ಸುರಿಯುತ್ತ ಹೋಗಿ. ನಮ್ಮ ಮೂವರ ಮನೆಯಲ್ಲಿ ದಿನಕ್ಕೆ ಒಂದು ಬಕೆಟ್ ತುಂಬುತ್ತದೆ. ಆ ಬೇಸಿಗೆಯಲ್ಲಿ ನನ್ನ ಒಂಬತ್ತು ಬ್ಯಾಗುಗಳು ಅದರಲ್ಲೇ ಬದುಕಿದವು.

ಬದುಕಿಸಿದ್ದು ನೀರಿನಷ್ಟೇ ಹೊಂಗೆಯ ತರಗೆಲೆ. ಫೆಬ್ರವರಿ, ಮಾರ್ಚಿನಲ್ಲಿ ಬೀದಿಯ ಮರಗಳು ಉದುರಿಸುವ ಎಲೆಯನ್ನು ಪೌರಕಾರ್ಮಿಕರು ಬೆಳ್ಳಂಬೆಳಿಗ್ಗೆ ಗುಡಿಸಿ ಗುಡ್ಡೆ ಹಾಕಿರುತ್ತಾರೆ. ಒಂದು ಚೀಲ ಹಿಡಿದು ಹೋಗಿ ಕೇಳಿದರೆ ಅವರೇ ತುಂಬಿಕೊಡುತ್ತಾರೆ. ನಮ್ಮ ಬೀದಿ ಗುಡಿಸುವ ಅಕ್ಕ ಈಗ ಪ್ಲಾಸ್ಟಿಕ್ ಆರಿಸಿ, ಶುದ್ಧ ಎಲೆಯ ಗುಡ್ಡೆಯನ್ನೇ ನನಗೆಂದು ಗೇಟಿನ ಪಕ್ಕ ಬಿಟ್ಟು ಹೋಗುತ್ತಾರೆ. ಹೊಂಗೆ ಸೊಪ್ಪನ್ನು ರೈತರು ಗದ್ದೆಗೆ ತುಳಿಯುತ್ತಿದ್ದದ್ದು ಸುಮ್ಮನೆ ಅಲ್ಲ. ಕುಂಡದ ಮಣ್ಣಿನ ಮೇಲೆ ಎರಡು ಅಂಗುಲ ಈ ಎಲೆ ಹೊದಿಸಿದರೆ ಮೇಲಿನ ಬಿಸಿಲಿಗೆ ಮಣ್ಣು ಕಾಯುವುದಿಲ್ಲ. ಮಧ್ಯಾಹ್ನ ಮೂರು ಗಂಟೆಗೆ ಎಲೆ ಸರಿಸಿ ಬೆರಳಿಟ್ಟು ನೋಡಿದರೆ ಒಳಗೆ ತಂಪಾಗಿರುತ್ತದೆ. ಮಳೆ ಬರುವ ಹೊತ್ತಿಗೆ ಅದೇ ಕಪ್ಪಗೆ ಕಳಿತು ಗೊಬ್ಬರವಾಗಿರುತ್ತದೆ.

ಏನು ಬಿತ್ತಬೇಕು? ಈಗ ಎಲೆಕೋಸು, ಕ್ಯಾರೆಟ್ಟಿನ ಆಸೆ ಬೇಡ, ಅವು ತಂಪು ಬೇಡುವಂಥವು. ಕೊತ್ತಂಬರಿ ಕೂಡ ಈ ಬಿಸಿಲಿಗೆ ಗಡಿಬಿಡಿಯಲ್ಲಿ ಹೂವಿಗೆ ಹೋಗುತ್ತದೆ. ಯುಗಾದಿಯ ಬಿತ್ತನೆ ಎಂದರೆ ಹರಿವೆ, ದಂಟು, ಬಸಳೆ, ಬೆಂಡೆ, ಗೋರಿಕಾಯಿ, ಅಲಸಂದೆ, ಸೌತೆ, ಹೀರೆ. ಇವು ಬಿಸಿಲು ಹೆಚ್ಚಾದಷ್ಟೂ ಹುರುಪಾಗುವ ಜಾತಿ. ಅಶ್ವಿನಿ, ಭರಣಿ ಮಳೆಗಳು ಏಪ್ರಿಲ್ ಮಧ್ಯದಿಂದ ಬರುತ್ತವೆ. ಮೊದಲ ಹದ ಮಳೆಯ ಮಾರನೆಯ ಬೆಳಿಗ್ಗೆ ಇವುಗಳ ಬೆಳವಣಿಗೆಯನ್ನು ನೀವು ಕಣ್ಣಾರೆ ನೋಡಬೇಕು. ಆಲಿಕಲ್ಲು ಬಿದ್ದರೆ ಮಾತ್ರ ಎಳೆ ಸಸಿಗಳಿಗೆ ಉಳಿಗಾಲವಿಲ್ಲ. ಒಂದು ವರ್ಷ ನನ್ನ ಹನ್ನೆರಡು ಟೊಮೆಟೊ ಸಸಿಗಳು ಹತ್ತು ನಿಮಿಷದಲ್ಲಿ ಹೋದವು. ಕಾರ್ಮೋಡ ಕಂಡರೆ ಈಗ ಮೊದಲು ಓಡುವುದು ಬಟ್ಟೆಗಲ್ಲ, ಸಸಿಗೆ.

ಹರಿವೆ ಬೀಜ ರಾಗಿಗಿಂತ ಸಣ್ಣದು. ಒಣ ಮರಳಿನಲ್ಲಿ ಬೆರೆಸಿ ಉದುರಿಸಿದರೆ ಒಂದೇ ಕಡೆ ಬೀಳುವುದಿಲ್ಲ. ಇರುವೆಗಳು ಹೊತ್ತೊಯ್ಯದಿರಲೆಂದು ಅವ್ವ ಕುಂಡದಿಂದ ಮಾರು ದೂರದಲ್ಲಿ ಒಂದು ಚಿಟಿಕೆ ರವೆ ಉದುರಿಸುತ್ತಿದ್ದಳು, ಅವಕ್ಕೂ ಅವತ್ತಿನ ಊಟವಾಗಲಿ ಎಂದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ ‘ಅರ್ಕಾ ಸುಗುಣ’ ಹರಿವೆ ಬುಡಸಹಿತ ಕೀಳಬೇಕಿಲ್ಲದ್ದು. ಮೇಲೆ ಮೇಲೆ ಕತ್ತರಿಸಿಕೊಂಡರೆ ಮತ್ತೆ ಮತ್ತೆ ಚಿಗುರುತ್ತದೆ. ಅವರದೇ ‘ಅರ್ಕಾ ಅನಾಮಿಕ’ ಬೆಂಡೆ ಬೇಸಿಗೆಯಲ್ಲಿ ಬಿಳಿನೊಣ ಹರಡುವ ಹಳದಿ ನಂಜು ರೋಗವನ್ನು ತಡೆದುಕೊಳ್ಳಲೆಂದು ರೂಪಿಸಿದ ತಳಿ. ಇವೆರಡೂ ಹೈಬ್ರಿಡ್ ಅಲ್ಲ. ಒಂದು ಗಿಡವನ್ನು ಬಲಿಯಲು ಬಿಟ್ಟರೆ ಮುಂದಿನ ಯುಗಾದಿಗೆ ಬೀಜ ನಿಮ್ಮ ಮನೆಯಲ್ಲೇ ಇರುತ್ತದೆ. ನಾಟಿ ಬೀಜಗಳ ರುಚಿ ಹತ್ತಿದವರಿಗೆ ಶಿರಸಿಯ ‘ವನಸ್ತ್ರೀ’ ಬಳಗದ ಹೆಂಗಸರ ಕೆಲಸ ಗೊತ್ತಿರುತ್ತದೆ. ಮಲೆನಾಡಿನ ಹಿತ್ತಲುಗಳಲ್ಲಿ ತಾಯಿಯಿಂದ ಮಗಳಿಗೆ ಬಂದ ಬೀಜಗಳನ್ನು ಅವರು 2001ರಿಂದ ಕಾಪಾಡಿ, ಹಂಚುತ್ತ ಬಂದಿದ್ದಾರೆ.

ಒಂದೇ ಒಂದು ಬಳ್ಳಿ ಹಾಕುವಷ್ಟು ಜಾಗವಿದ್ದರೆ ಹೀರೆ ಹಾಕಿ. ಇದು ನನ್ನ ಪಕ್ಷಪಾತ, ಕಾರಣ ಹೇಳುತ್ತೇನೆ. ಸೌತೆ, ಕುಂಬಳದ ಹೂಗಳು ಬೆಳಿಗ್ಗೆ ಅರಳುತ್ತವೆ. ನಾವು ಡಬ್ಬಿ ಕಟ್ಟಿ, ಬಸ್ಸು ಹಿಡಿಯುವ ಗಡಿಬಿಡಿಯಲ್ಲಿದ್ದಾಗ ಅವು ಅರಳಿ, ನಾವು ಬರುವಷ್ಟರಲ್ಲಿ ಮುದುಡಿರುತ್ತವೆ. ಹೀರೆ ಹೂ ಅರಳುವುದು ಸಂಜೆ. ದಿನವೆಲ್ಲ ದುಡಿದು, ಟ್ರಾಫಿಕ್ಕಿನಲ್ಲಿ ಒಂದೂವರೆ ಗಂಟೆ ಕಳೆದು, ಮೆಟ್ಟಿಲು ಹತ್ತಿ ಬಾಗಿಲು ತೆಗೆದಾಗ, ಬಾಲ್ಕನಿಯ ಗ್ರಿಲ್ ತುಂಬ ತಿಳಿಹಳದಿ ಹೂಗಳು ಆಗ ತಾನೆ ಬಿಚ್ಚಿಕೊಳ್ಳುತ್ತಿರುತ್ತವೆ. ಲೈಟು ಹಾಕದೆ ಹತ್ತು ನಿಮಿಷ ಅಲ್ಲೇ ನೆಲದ ಮೇಲೆ ಕೂರುತ್ತೇನೆ. ಗಂಡು ಹೂಗಳು ಗೊಂಚಲಾಗಿ ಬರುತ್ತವೆ. ಹೆಣ್ಣು ಹೂ ಒಂಟಿ, ಅದರ ಬೆನ್ನಿಗೇ ಬೆರಳುದ್ದದ ಏಣುಗಳಿರುವ ಪುಟ್ಟ ಹೀರೆಕಾಯಿ ಅಂಟಿರುತ್ತದೆ. ಎರಡನೇ ಮಹಡಿಗೆ ದುಂಬಿಗಳು ಬಾರದಿದ್ದರೆ ಒಂದು ಗಂಡು ಹೂ ಕಿತ್ತು ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಸವರಿ, ಸಾಕು. ಎಂಟು, ಹತ್ತು ದಿನಕ್ಕೆ ಎಳೆ ಕಾಯಿ. ತಿರುಳು ಪಲ್ಯಕ್ಕೆ, ಸಿಪ್ಪೆ ಚಟ್ನಿಗೆ.

ಗಿಡ ಇಟ್ಟ ಮೇಲೆ ನಿಮ್ಮ ಬಾಲ್ಕನಿ ನಿಮ್ಮದೊಬ್ಬರದೇ ಆಗಿ ಉಳಿಯುವುದಿಲ್ಲ. ಕರಿಬೇವಿನ ಎಲೆಯ ಮೇಲೆ ಹಕ್ಕಿ ಹಿಕ್ಕೆಯ ಹಾಗೆ ಕಾಣುವ ಏನೋ ಒಂದು ಇದ್ದರೆ ಒರೆಸಿ ಹಾಕಬೇಡಿ. ಅದು ಕಪ್ಪು ಚಿಟ್ಟೆಯ ಮರಿಹುಳು. ವೈರಿಗಳ ಕಣ್ಣು ತಪ್ಪಿಸಲು ಆ ವೇಷ. ಇನ್ನಷ್ಟು ದೊಡ್ಡದಾದ ಮೇಲೆ ಎಲೆಯದೇ ಹಸಿರಾಗುತ್ತದೆ. ನಮ್ಮ ಮನೆಯಲ್ಲಿ ಕರಿಬೇವಿನ ಒಂದು ರೆಂಬೆ ಅವಕ್ಕೆ ಎಂದು ಮಗ ಚಿಕ್ಕವನಿದ್ದಾಗಲೇ ತೀರ್ಮಾನವಾಗಿದೆ. ಬೆಂಡೆ ಹೂವಿಗೆ ಜೇನು, ದಾಸವಾಳಕ್ಕೆ ಸೂರಕ್ಕಿ ಬರುತ್ತವೆ. ಮನುಷ್ಯರೂ ಬರುತ್ತಾರೆ. ನಾಲ್ಕನೆಯ ಮನೆಯಲ್ಲಿ ಒಂದು ವರ್ಷವಾದರೂ ಮೇಲಿನ ಮನೆಯವರ ಹೆಸರು ನನಗೆ ಗೊತ್ತಿರಲಿಲ್ಲ. ಒಂದು ಭಾನುವಾರ ಬಾಗಿಲು ತಟ್ಟಿದ ಸದ್ದು. ಒಡಿಶಾದಿಂದ ಬಂದಿದ್ದ ಎಳೆಯ ಹೆಂಗಸು, ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು, ನನ್ನ ಗ್ರಿಲ್ಲಿನ ಬಸಳೆ ಬಳ್ಳಿಯತ್ತ ಕೈ ತೋರಿಸಿ, ‘ಅಕ್ಕಾ, ಪೋಯಿ!’ ಅಂದಳು. ಅವರ ಕಡೆ ಬಸಳೆಗೆ ಆ ಹೆಸರು. ಊರು ಬಿಟ್ಟ ಮೇಲೆ ಅದನ್ನು ಅವಳು ನೋಡಿದ್ದು ಅದೇ ಮೊದಲಂತೆ. ನಾಲ್ಕು ದಂಟು ಕತ್ತರಿಸಿ ಕೊಟ್ಟೆ, ಎರಡು ಸಾರಿಗೆ, ಎರಡು ನೆಡಲು. ಮಳೆಗಾಲದ ಹೊತ್ತಿಗೆ ಅವಳ ಬಳ್ಳಿ ಮೇಲಿನಿಂದ ಇಳಿದು ನನ್ನದನ್ನು ಹಿಡಿದುಕೊಂಡಿತ್ತು.

ಸಸಿ, ಗೊಬ್ಬರ ಎಲ್ಲಿ ತರುವುದು ಎಂದು ತಿಳಿಯದವರು ಒಂದು ಬೆಳಿಗ್ಗೆ ಲಾಲ್‌ಬಾಗಿಗೆ ಹೋಗಿ. ತೋಟಗಾರಿಕೆ ಇಲಾಖೆಯನ್ನು ಕಟ್ಟಿ ಬೆಳೆಸಿದ ಡಾ. ಎಂ.ಎಚ್. ಮರಿಗೌಡರು ಶುರುಮಾಡಿಸಿದ ನರ್ಸರಿಯವರ ಸಹಕಾರ ಸಂಘ ಅಲ್ಲೇ ಇದೆ. ತಾರಸಿಯಲ್ಲಿ ಸಾವಯವವಾಗಿ ಬೆಳೆಯುವುದನ್ನು ಈ ಊರಿನವರಿಗೆ ಕೈಹಿಡಿದು ಕಲಿಸಿದ ಡಾ. ಬಿ.ಎನ್. ವಿಶ್ವನಾಥ್ ಅವರ ಪ್ರೇರಣೆಯಿಂದ ಬೆಳೆದ ಬಳಗದವರು ನಡೆಸುವ ‘ಊಟ ಫ್ರಂ ಯುವರ್ ತೋಟ’ ಸಂತೆ ನಿಮ್ಮ ಬಡಾವಣೆಯ ಹತ್ತಿರ ನಡೆದರೆ ತಪ್ಪಿಸಬೇಡಿ. ಲಾಲ್‌ಬಾಗಿಗೆ ಹೋದಾಗೆಲ್ಲ ನನಗೆ ಕ್ರುಂಬಿಗಲ್ ನೆನಪಾಗುತ್ತಾರೆ. ಜರ್ಮನಿಯಲ್ಲಿ ಹುಟ್ಟಿ, ಬರೋಡದಲ್ಲಿ ಕೆಲಸ ಮಾಡಿ, 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದವರು. ಒಂದು ಜಾತಿಯ ಮರದ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಜಾತಿ ಹೂಬಿಡುವಂತೆ ಈ ಊರಿನ ಬೀದಿಗಳಿಗೆ ಮರಗಳನ್ನು ಆರಿಸಿ ನೆಡಿಸಿದರು. ಈಗ ನಾವು ವಸಂತ ಎಂದು ಕತ್ತೆತ್ತಿ ನೋಡುವ ಬಣ್ಣದಲ್ಲಿ ಅವರ ಪಾಲಿದೆ. ಆ ಬೀದಿಗಳಲ್ಲಿ ಒಂದೂ ಅವರ ಸ್ವಂತದ್ದಾಗಿರಲಿಲ್ಲ.

ಬಿಟ್ಟುಹೋಗುವ ನೋವನ್ನು ಮುಚ್ಚಿಡುವುದಿಲ್ಲ. ಮೂರನೆಯ ಮನೆಯನ್ನು ಇಪ್ಪತ್ತು ದಿನದಲ್ಲಿ ಖಾಲಿ ಮಾಡಬೇಕಾಗಿ ಬಂತು. ಆಗ 26 ಕುಂಡಗಳಿದ್ದವು. ಸಾಮಾನು ಸಾಗಿಸುವವರು ಮಣ್ಣಿನ ಕುಂಡ ಹತ್ತಿಸುವುದಿಲ್ಲ ಎಂದರು. ಗೋಗರೆದ ಮೇಲೆ ಟಾಟಾ ಏಸ್‌ನ ಮೂಲೆಯಲ್ಲಿ ಎಂಟಕ್ಕೆ ಜಾಗ ಕೊಟ್ಟರು. ಕರಿಬೇವು, ಎರಡು ಮಲ್ಲಿಗೆ, ನಿಂಬೆ, ದಾಸವಾಳ ಹೀಗೆ ಎಂಟನ್ನು ಆರಿಸಿದೆ. ಉಳಿದದ್ದನ್ನು ಅಕ್ಕಪಕ್ಕದವರಿಗೆ ಹಂಚಿ, ಹೂ ಬಿಡಲು ಶುರುಮಾಡಿದ್ದ ಮೂರು ಬದನೆ ಗಿಡಗಳನ್ನು ಒಯ್ಯುವವರಿಲ್ಲದೆ ತಾರಸಿಯಲ್ಲೇ ಬಿಟ್ಟೆ. ಕೆಳಗೆ ಗಾಡಿ ಹಾರ್ನ್ ಮಾಡುತ್ತಿದ್ದರೂ ಮತ್ತೆ ಹತ್ತಿ ಹೋಗಿ ಅವಕ್ಕೆ ನೀರು ಹಾಕಿ ಬಂದೆ. ಹೊಸ ಮನೆಯಲ್ಲಿ ಆ ರಾತ್ರಿ ಊಟ ಸೇರಲಿಲ್ಲ.

ಎರಡು ತಿಂಗಳ ನಂತರ ಯಾವುದೋ ಪತ್ರ ತರಲು ಆ ಬೀದಿಗೆ ಹೋಗಿದ್ದೆ. ಎದುರು ಮನೆಯ ಮೆಟ್ಟಿಲ ಮೇಲೆ ನಿಂತು ತಾರಸಿ ನೋಡಿದೆ. ಬದನೆ ಗಿಡಗಳು ಇದ್ದವು. ಕಾಯಿಯ ಭಾರಕ್ಕೆ ಬಾಗದಂತೆ ಯಾರೋ ಕೋಲು ನೆಟ್ಟು, ಹಳೆ ಸೀರೆಯ ಅಂಚು ಹರಿದು ಸಡಿಲವಾಗಿ ಕಟ್ಟಿದ್ದರು. ಪಕ್ಕದಲ್ಲಿ ನನ್ನದಲ್ಲದ ಒಂದು ಹೊಸ ಡಬ್ಬಿ, ಅದರಲ್ಲಿ ಸಾಲಾಗಿ ಎದ್ದ ಮೆಂತ್ಯ. ಅಷ್ಟು ಚಂದದ ಮೆಂತ್ಯವನ್ನು ನಾನು ಇನ್ನೊಬ್ಬರ ಮನೆಯಲ್ಲಿ ನೋಡಿರಲಿಲ್ಲ.

ಈಗಿನ ಮನೆಯ ಕರಾರು ಜೂನ್ ಮಧ್ಯಕ್ಕೆ ಮುಗಿಯುತ್ತದೆ. ಯಜಮಾನಿಯ ಮಗಳು ವಾಪಸು ಬರುತ್ತಿರುವುದರಿಂದ ಈ ಸಲ ನವೀಕರಣವಿಲ್ಲ. ಆದರೂ ಯುಗಾದಿಯ ಬೆಳಿಗ್ಗೆ ಗ್ರಿಲ್ಲಿನ ಬುಡದ ದೊಡ್ಡ ಬ್ಯಾಗಿನಲ್ಲಿ ನಾಲ್ಕು ಹೀರೆ ಬೀಜ ಊರುತ್ತೇನೆ. ಮೇ ನಡುವಿಗೆ ಹೂ, ಕೊನೆಗೆ ಕಾಯಿ. ನಾವು ಹೊರಡುವ ವಾರ ಬಳ್ಳಿ ಪೂರ್ತಿ ಫಸಲಿನಲ್ಲಿರುತ್ತದೆ. ಆ ಹುಡುಗಿಯನ್ನು ನಾನು ನೋಡಿಲ್ಲ. ಗ್ರಿಲ್ಲಿಗೆ ಒಂದು ಚೀಟಿ ಕಟ್ಟಿ ಹೋಗುತ್ತೇನೆ: ತರಕಾರಿ ತೊಳೆದ ನೀರು ಸಾಕು, ಕಾಯಿಯನ್ನು ಬಲಿಯಲು ಬಿಡಬೇಡಮ್ಮ, ಹೂ ಅರಳುವುದು ಸಂಜೆ ಆರರ ಹೊತ್ತಿಗೆ.

ಇಂತಿ,
ಎರಡನೇ ಮಹಡಿಯ ಒಬ್ಬ ಬಾಡಿಗೆದಾರಳು